ಕಾಲೇಜು ಪ್ರವೇಶದ ಸಂದರ್ಶನ ಮುಗೀತು, ಆಯ್ಕೆ ಪಟ್ಟಿ ಬಂದಿಲ್ಲ: ಈ ನಡುವೆ ಏನು ಮಾಡೋದು?

ಮೊದಲು ಇಮೇಲಿನ ಸ್ಪ್ಯಾಮ್ ಫೋಲ್ಡರ್ ನೋಡಿ. ಅರ್ಜಿ ತುಂಬಿದ್ದು ಸೈಬರ್ ಸೆಂಟರಿನಲ್ಲಾದರೆ ಪ್ರಿಂಟ್ ತೆಗೆದು ಮೊಬೈಲ್ ಸಂಖ್ಯೆ ನಿಮ್ಮದೇನಾ ಅಂತ ಪರೀಕ್ಷಿಸಿ, ಅಂಗಡಿಯವರದ್ದೇ ಹಾಕಿರುವುದುಂಟು. ಪಟ್ಟಿ ಬರುತ್ತೆ ಅಂತ ಹೇಳಿದ ದಿನ ಕಳೆದ ಮೇಲೆ, ಅರ್ಜಿ ಸಂಖ್ಯೆ ಬರೆದು ಕಾಲೇಜಿಗೆ ಒಂದೇ ಒಂದು ಮೇಲ್ ಹಾಕಿ. ದಿನಾ ಫೋನ್ ಮಾಡಿದರೆ ಪಟ್ಟಿಯೇನೂ ಬೇಗ ಬರಲ್ಲ.

ಕಾಯುವ ದಿನಗಳು ಕಾಗದಪತ್ರಕ್ಕೆ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷವಷ್ಟೇ ಆಯಸ್ಸು. ಮುಗಿದಿದ್ದರೆ ಇವತ್ತೇ ನಾಡಕಚೇರಿಗೆ ಹೋಗಿ. ಸಿಇಟಿಯನ್ನೂ ಬರೆದು ಗ್ರಾಮೀಣ ಮೀಸಲಾತಿ ಕೇಳಿದ್ದರೆ, 1ರಿಂದ 10ನೇ ತರಗತಿಯ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಬೇಕು.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇನ್ನೊಂದು ಮಾತು: ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಶುಲ್ಕ ಕಟ್ಟಲು ಕೊನೇ ದಿನದವರೆಗೆ ಕೂರದೆ, ಮುಂಚೆಯೇ ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು ಕಟ್ಟಿಬಿಡಿ.