ಸೊಂಟದ ಕಂಪ್ಯೂಟರ್: ಒಂದೇ ಮೆಮೊರಿ ಕಾರ್ಡ್ ಏಕೆ ಸಾಲಲಿಲ್ಲ

ತುಮಕೂರಿನ ಮನೆಯಲ್ಲಿ ಬಿಡುವಾದಾಗಲೆಲ್ಲ ನಾನು ಕಟ್ಟುತ್ತಿರುವ, ಬೆಲ್ಟಿಗೆ ಸಿಕ್ಕಿಸಿಕೊಳ್ಳುವ ಕಂಪ್ಯೂಟರಿನ ಕೆಲಸ ಈ ತಿಂಗಳು ಸಂಗ್ರಹದ ಪ್ರಶ್ನೆಗೆ ಬಂದು ನಿಂತಿತ್ತು. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಒಂದು 18650 ಲಿಥಿಯಂ ಬ್ಯಾಟರಿ, ಮಣಿಕಟ್ಟಿನ ಮೇಲೊಂದು ಪುಟ್ಟ ಓಎಲ್ಇಡಿ ಪರದೆ, ಭುಜದ ಬಳಿ ಐಎನ್ಎಂಪಿ441 ಮೈಕ್: ಇಷ್ಟೇ ಇದರ ಸಂಸಾರ. ದೇವರಾಯನದುರ್ಗದಲ್ಲಿ ಎರಡೂ ಕೈಗಳಲ್ಲಿ ದುರ್ಬೀನು ಹಿಡಿದು ನಡೆಯುವಾಗ ಹಕ್ಕಿಗಳ ಕೂಗು, ಅದರಲ್ಲೂ ಹಳದಿ ಕೊರಳಿನ ಪಿಕಳಾರದ ಕೂಗು, ತಾನಾಗಿಯೇ ದಾಖಲಾಗುತ್ತಿರಬೇಕು ಎಂಬುದು ನನ್ನ ಆಸೆ.

ಗಾತ್ರವಾಗಲಿ ವೇಗವಾಗಲಿ ಇಲ್ಲಿ ಸಮಸ್ಯೆಯೇ ಅಲ್ಲವೆಂಬುದು ಮೊದಲ ಲೆಕ್ಕದಲ್ಲೇ ತಿಳಿಯಿತು. ಸೆಕೆಂಡಿಗೆ ದನಿಯ 48,000 ಮಾದರಿ (ಅಳತೆ), ಒಂದೊಂದಕ್ಕೆ 2 ಬೈಟ್ ಎಂದರೆ ಸೆಕೆಂಡಿಗೆ 96,000 ಬೈಟ್. ಗಂಟೆಗೆ ಸುಮಾರು 346 ಎಂಬಿ, ಮೂರು ಗಂಟೆಯ ನಡಿಗೆಗೆ ಒಂದು ಜಿಬಿಗಿಂತ ತುಸು ಹೆಚ್ಚು. ಎಂತಹ ಅಗ್ಗದ ಕಾರ್ಡೂ ಇದನ್ನು ಸಲೀಸಾಗಿ ಹೊರುತ್ತದೆ. ಆದರೆ ಅಗ್ಗಕ್ಕೆ ಆಸೆಪಟ್ಟು ಪೇಟೆಯಲ್ಲಿ ಕೊಂಡ 128 ಜಿಬಿ ಕಾರ್ಡನ್ನು ಎಫ್3 ಎಂಬ ಕಾರ್ಡ್ ಪರೀಕ್ಷಿಸುವ ತಂತ್ರಾಂಶದಿಂದ ತುಂಬಿಸಿ ಓದಿದಾಗ ಅದರೊಳಗೆ ನಿಜವಾಗಿ ಇದ್ದ ಜಾಗ 8 ಜಿಬಿಗೂ ಕಡಿಮೆ. ಅಂದಿನಿಂದ ಈ ಪರೀಕ್ಷೆ ಮುಗಿಯದೆ ಯಾವ ಕಾರ್ಡನ್ನೂ ನಾನು ಬಳಸುತ್ತಿಲ್ಲ.

ನಿಜವಾದ ತೊಂದರೆ ಬೆಟ್ಟದ ಮೆಟ್ಟಿಲುಗಳ ಮೇಲೆ ಎದುರಾಯಿತು. ಹೆಜ್ಜೆಯ ಕುಲುಕಿಗೆ ಬ್ಯಾಟರಿ ಹೋಲ್ಡರಿನ ಸ್ಪ್ರಿಂಗ್ ಕ್ಷಣಕಾಲ ಬಿಟ್ಟುಕೊಂಡು ಕಂಪ್ಯೂಟರ್ ಆರಿ ಮತ್ತೆ ಚಾಲೂ ಆಗಿತ್ತು. ಮನೆಗೆ ಬಂದು ನೋಡಿದರೆ ದಾಖಲಾದ ಫೈಲಿನ ಅವಧಿ ಸೊನ್ನೆ. ವೇವ್ ಫೈಲಿನ ಉದ್ದ ಅದರ ತಲೆಭಾಗದಲ್ಲಿ ಕೊನೆಗೆ ಬರೆಯಲ್ಪಡುವುದರಿಂದ, ನಡುವೆ ವಿದ್ಯುತ್ ಹೋದರೆ ದನಿ ಒಳಗಿದ್ದರೂ ಲೆಕ್ಕ ಸಿಗುವುದಿಲ್ಲ. ಅದನ್ನು ಹೇಗೋ ಉಳಿಸಿಕೊಂಡೆ. ಆದರೆ ಮುಂದಿನ ವಾರ ಇಂಥದ್ದೇ ಇನ್ನೊಂದು ಕುಲುಕಿನ ನಂತರ ಕಾರ್ಡ್ ಬೂಟ್ ಆಗಲೇ ಇಲ್ಲ, ಅಂದರೆ ಕಂಪ್ಯೂಟರ್ ಶುರುವಾಗಲೇ ಇಲ್ಲ. ಅದೇ ಕಾರ್ಡಿನಲ್ಲಿ ದನಿಗಾಗಿ ಬೇರೆ ಪಾರ್ಟಿಷನ್ (ವಿಭಾಗ) ಮಾಡಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಇರುವ ಪಾರ್ಟಿಷನ್ನನ್ನು ಓದಲು ಮಾತ್ರ ಎಂದು ಇಟ್ಟಿದ್ದರೂ, ಯಾರೂ ಬರೆಯದ ಲಿನಕ್ಸಿನ ಲೈಬ್ರರಿ ಫೈಲೊಂದು ಕೆಟ್ಟುಹೋಗಿತ್ತು.

ಕಾರಣ ಹುಡುಕುತ್ತಾ ಹೋದಂತೆ ನನ್ನ ತಿಳಿವಳಿಕೆಯ ತಪ್ಪು ಸ್ಪಷ್ಟವಾಯಿತು. ಪಾರ್ಟಿಷನ್ ಎಂಬುದು ಲಿನಕ್ಸ್ ಎಳೆದ ಗೆರೆ. ಕಾರ್ಡಿನೊಳಗೆ ದತ್ತಾಂಶವನ್ನು ನೋಡಿಕೊಳ್ಳುವ ಕಂಟ್ರೋಲರಿಗೆ ಆ ಗೆರೆಯ ಪರಿವೆಯಿಲ್ಲ. ಫ್ಲ್ಯಾಶ್ ಚಿಪ್ಪನ್ನು ಬೈಟುಬೈಟಾಗಿ ಅಳಿಸಲು ಬರುವುದಿಲ್ಲವಾದ್ದರಿಂದ ಕಂಟ್ರೋಲರು ದೊಡ್ಡ ಬ್ಲಾಕುಗಳನ್ನೇ ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸಿ, ಹಳೆಯದನ್ನು ಅಳಿಸಿ, ಯಾವ ದತ್ತಾಂಶ ಎಲ್ಲಿದೆ ಎಂಬ ತನ್ನ ಪಟ್ಟಿಯನ್ನು ತಿದ್ದಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ವಿದ್ಯುತ್ ತಪ್ಪಿದರೆ ಪಕ್ಕದಲ್ಲಿದ್ದ, ಸಂಬಂಧವೇ ಇಲ್ಲದ ಫೈಲೂ ಬಲಿಯಾಗಬಹುದು. ಆದ್ದರಿಂದ ಬೇಕಾದದ್ದು ಎರಡು ಪಾರ್ಟಿಷನ್ ಅಲ್ಲ, ಎರಡು ಬೇರೆ ಬೇರೆ ಚಿಪ್ಪು.

ಎರಡನೆಯದಕ್ಕೆ ಮೊದಲು ಮನೆಯಲ್ಲಿದ್ದ 2.5 ಇಂಚಿನ ಎಸ್ಎಸ್‌ಡಿಯನ್ನು ಯುಎಸ್‌ಬಿ ಕವಚದಲ್ಲಿಟ್ಟು ನೋಡಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಅದು 92 ಗ್ರಾಂ ತೂಗಿತು. ಅದೇ ತಕ್ಕಡಿಗೆ ಮೈಕ್ರೋಎಸ್‌ಡಿ ಕಾರ್ಡ್ ಇಟ್ಟದ್ದೇ ಗೊತ್ತಾಗಲಿಲ್ಲ. ತೂಕಕ್ಕಿಂತ ಹೊರೆಯಾದದ್ದು ಅದರ ಹಸಿವು: 5 ವೋಲ್ಟಿನಲ್ಲಿ 240 ಮಿಲಿಆಂಪಿಯರ್ ಎಳೆಯುತ್ತಿದ್ದ ಯಂತ್ರ 500ರ ಹತ್ತಿರ ಹೋಗಿ, ಏಳು ಗಂಟೆಯ ಬ್ಯಾಟರಿ ಅರ್ಧಕ್ಕಿಳಿಯಿತು. ತಿರುಗುವ ಹಾರ್ಡ್ ಡಿಸ್ಕನ್ನು ಕುಲುಕುವ ಸೊಂಟಕ್ಕೆ ಕಟ್ಟುವ ಯೋಚನೆಯನ್ನೇ ಮಾಡಲಿಲ್ಲ. ಇಎಂಎಂಸಿ (ಬೋರ್ಡಿಗೇ ಬೆಸೆದ ಫ್ಲ್ಯಾಶ್ ಸಂಗ್ರಹ) ಇರುವ ಇನ್ನೊಂದು ರಾಸ್ಪ್‌ಬೆರಿ ಪೈ, ಕಂಪ್ಯೂಟ್ ಮಾಡ್ಯೂಲ್ 4, ಸಂಪರ್ಕದ ದೃಷ್ಟಿಯಿಂದ ಗಟ್ಟಿಯಾದರೂ ಅದರಲ್ಲೂ ಎಲ್ಲವೂ ಒಂದೇ ಚಿಪ್ಪಿನಲ್ಲಿ, ಮೇಲಾಗಿ ಅದನ್ನು ಕೂರಿಸಲು ಕ್ಯಾರಿಯರ್ ಬೋರ್ಡ್ ಬೇರೆ ಬೇಕು.

ಕೊನೆಗೆ ನಿಂತದ್ದು ಸಾಧಾರಣ ಪೆನ್‌ಡ್ರೈವ್. ಮೈಕ್ ಐ2ಎಸ್ ಎಂಬ ಡಿಜಿಟಲ್ ದನಿಯ ಪಿನ್ನುಗಳ ಮೂಲಕ ಬರುವುದರಿಂದ ಬೋರ್ಡಿನ ಒಂದೇ ಒಂದು ಓಟಿಜಿ (ಯುಎಸ್‌ಬಿ) ಕಿಂಡಿ ಖಾಲಿಯಿತ್ತು. ಆದರೂ ಅಲುಗಾಡುವ ಅಡಾಪ್ಟರನ್ನು ನಂಬದೆ, ಪೆನ್‌ಡ್ರೈವಿನ ಹೊರಕವಚ ಬಿಚ್ಚಿ, ಬೋರ್ಡಿನ ಹಿಂಬದಿಯ ಯುಎಸ್‌ಬಿ ಬಿಂದುಗಳಿಗೆ ಸಣ್ಣ ತಂತಿಗಳನ್ನು ನೇರವಾಗಿ ಬೆಸೆದೆ. ಸೊಂಟದ ಬೆವರು ಇಳಿಯದಂತೆ ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಿದೆ. ಬ್ಯಾಟರಿಯ ಸ್ಪ್ರಿಂಗ್ ಹೋಲ್ಡರ್ ಕಸದ ಬುಟ್ಟಿ ಸೇರಿದೆ. ಈಗ 16 ಜಿಬಿ ಕಾರ್ಡಿನಲ್ಲಿ ಲಿನಕ್ಸ್ ಮಾತ್ರ, ಬದಲಾವಣೆಗಳೆಲ್ಲ ತಾತ್ಕಾಲಿಕ ಮೆಮೊರಿಯಲ್ಲೇ ಉಳಿಯುವ ಓವರ್‌ಲೇ ವ್ಯವಸ್ಥೆಯಲ್ಲಿ, ಏನನ್ನೂ ಬರೆಯದಂತೆ ಇದೆ. ದನಿ ಒಂದೊಂದು ನಿಮಿಷದ ತುಂಡುಗಳಾಗಿ ಪೆನ್‌ಡ್ರೈವಿಗೆ ಹೋಗಿ, ಪ್ರತಿ ತುಂಡಿನ ನಂತರ ಸಿಂಕ್ ಆಗುತ್ತದೆ, ಅಂದರೆ ಬಾಕಿಯಿದ್ದದ್ದೆಲ್ಲ ಬರೆದು ಮುಗಿಯುತ್ತದೆ. ಪೆನ್‌ಡ್ರೈವ್ ಸಾಯುವುದಿಲ್ಲವೆಂದಲ್ಲ, ಸತ್ತರೆ ಅದನ್ನು ಪರದೆಯ ಮೇಲೆ ಹೇಳಲು ಕಂಪ್ಯೂಟರ್ ಬದುಕಿರುತ್ತದೆ.

ದಾಖಲಾಗುತ್ತಿರುವಾಗಲೇ 25 ಬಾರಿ ಬ್ಯಾಟರಿ ಕನೆಕ್ಟರನ್ನು ಕಿತ್ತು ಪರೀಕ್ಷಿಸಿದೆ. ಇಪ್ಪತ್ತೈದೂ ಬಾರಿ ಬೂಟ್ ಆಯಿತು, ಪ್ರತಿ ಸಲ ನಡೆಯುತ್ತಿದ್ದ ತುಂಡಷ್ಟೇ ಹೋಯಿತು. ಎರಡು ಬಾರಿ ಪೆನ್‌ಡ್ರೈವಿಗೆ ಎಫ್ಎಸ್‌ಸಿಕೆ ಎಂಬ ದುರಸ್ತಿ ತಂತ್ರಾಂಶ ನಡೆಸಬೇಕಾಯಿತು. ಕಳೆದ ಭಾನುವಾರದ ನಡಿಗೆಯಲ್ಲಿ ಪಿಕಳಾರ ಕೂಗಿದ್ದು ಸರಿಯಾಗಿ 112 ಮತ್ತು 113ನೆಯ ತುಂಡುಗಳ ನಡುವೆ. ಎರಡನ್ನೂ ಜೋಡಿಸಿ ಹೆಡ್‌ಫೋನಿನಲ್ಲಿ ನಾಲ್ಕು ಸಲ ಕೇಳಿದೆ. ಕೂಗು ಎಲ್ಲಿಯೂ ಕಡಿದಿಲ್ಲ.