ದಾವಣಗೆರೆಯಿಂದ ಕುಮಟಾ ಕಡಲತೀರಕ್ಕೆ: ನಿಧಾನವಾಗಿ ಹೋಗಿಬರಬೇಕೆನ್ನುವವರಿಗೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಸಮುದ್ರ ನೋಡಲು ಹೊರಡುವ ಬಹುತೇಕ ಕುಟುಂಬಗಳ ಕ್ರಮ ಒಂದೇ. ಶನಿವಾರ ರಾತ್ರಿ ಊಟ ಮುಗಿಸಿ ಟೆಂಪೊ ಟ್ರಾವೆಲರ್ ಹತ್ತುವುದು, ಬೆಳಗಿನ ಜಾವ ಮುರುಡೇಶ್ವರ ತಲುಪುವುದು, ಅಲ್ಲಿಂದ ಇಡಗುಂಜಿ, ಗೋಕರ್ಣ, ಹೊತ್ತು ಉಳಿದರೆ ಜೋಗ, ಭಾನುವಾರ ಮಧ್ಯರಾತ್ರಿಗೆ ಮತ್ತೆ ಮನೆ. ದೇವರ ದರ್ಶನವೇ ಮುಖ್ಯವಾಗಿದ್ದರೆ ಈ ಕ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಕಡಲನ್ನು ನೋಡಬೇಕು, ಅದರ ಪಕ್ಕದಲ್ಲಿ ಸ್ವಲ್ಪ ಕಾಲ ಇರಬೇಕು ಎಂಬ ಆಸೆಯಿದ್ದರೆ ಒಂದೇ ಊರನ್ನು ಆರಿಸಿಕೊಂಡು ಕನಿಷ್ಠ ಎರಡು ರಾತ್ರಿ ಅಲ್ಲೇ ತಂಗುವುದು ಒಳ್ಳೆಯದು. ಅದಕ್ಕೆ ನಾನು ಕುಮಟಾವನ್ನು ಸೂಚಿಸುತ್ತೇನೆ. ಮಂಡಿನೋವಿನ ಅತ್ತೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಡಿಸೆಂಬರಿನ ಮೊದಲ ಭಾಗದಲ್ಲಿ ಅಲ್ಲಿಗೆ ಹೋಗಿಬಂದ ಅನುಭವದಿಂದ, ಇದೇ ಪ್ರಯಾಣದ ಯೋಚನೆಯಲ್ಲಿರುವವರಿಗೆ ಉಪಯೋಗವಾಗಬಹುದಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಕುಮಟಾ ಪ್ರವಾಸಿಗರಿಗಾಗಿ ಹುಟ್ಟಿಕೊಂಡ ಊರಲ್ಲ. ಅದು ತಾಲ್ಲೂಕು ಕೇಂದ್ರ. ಕಚೇರಿ, ಕಾಲೇಜು, ಮೀನುಪೇಟೆ, ಸಂತೆಗಳ ಊರು. ಗೋಕರ್ಣ ಅದೇ ತಾಲ್ಲೂಕಿನಲ್ಲಿದ್ದರೂ ಅಲ್ಲಿನ ದಟ್ಟಣೆ ಇಲ್ಲಿಗೆ ಹಬ್ಬಿಲ್ಲ. ನಮ್ಮ ಬಯಲುಸೀಮೆಗೂ ಈ ಬಂದರಿಗೂ ಹಳೆಯ ನಂಟಿದೆ ಎಂಬುದನ್ನು ಹತ್ತಿಯ ಊರಾದ ದಾವಣಗೆರೆಯವರು ತಿಳಿದಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಈ ಬಂದರಿನಿಂದಲೇ ಹಡಗು ಹತ್ತುತ್ತಿತ್ತು. ಆ ಹತ್ತಿಗೆ ಹೊರಗಿನ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಿತ್ತು. ಮುಂದೆ ಕಾರವಾರದ ಬಂದರು ಬೆಳೆದು, ರೈಲು ಬಂದು, ಕುಮಟಾದ ವ್ಯಾಪಾರ ಕುಗ್ಗಿತು. ಬಂದರಿನ ಗುಡ್ಡದ ಮೇಲೆ ದೀಪಸ್ತಂಭ ಈಗಲೂ ಇದೆ.

ಹೋಗುವ ದಾರಿ ಎರಡು. ಮೊದಲನೆಯದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹರಿಹರ, ರಾಣೆಬೆನ್ನೂರು ದಾಟಿ ಹಾವೇರಿಗೆ ಹೋಗಿ, ಅಲ್ಲಿಂದ ಸಿರ್ಸಿ, ಬಳಿಕ ದೇವಿಮನೆ ಘಟ್ಟ ಇಳಿದು ಕುಮಟಾ. ಒಟ್ಟು ಸುಮಾರು 220 ಕಿಲೋಮೀಟರ್. ಚಿತ್ರದುರ್ಗದಿಂದ ಹೊರಡುವವರು ಇದಕ್ಕೆ ಸುಮಾರು 60 ಕಿಲೋಮೀಟರ್ ಸೇರಿಸಿಕೊಳ್ಳಬೇಕು. ಎರಡನೆಯದು ಹೊನ್ನಾಳಿ, ಶಿವಮೊಗ್ಗ, ಸಾಗರ, ಜೋಗ, ಗೇರುಸೊಪ್ಪೆ ಮಾರ್ಗವಾಗಿ ಹೊನ್ನಾವರಕ್ಕೆ ಇಳಿದು, ಹೆದ್ದಾರಿ 66ರಲ್ಲಿ ಉತ್ತರಕ್ಕೆ ತಿರುಗಿ ಸುಮಾರು 20 ಕಿಲೋಮೀಟರ್ ಹೋಗುವುದು. ಇದು ಸುತ್ತು ದಾರಿಯಾದರೂ ನೋಡಲು ಹೆಚ್ಚು ಚೆಂದ. ನನ್ನ ಸಲಹೆಯೆಂದರೆ ಹೋಗುವಾಗ ಸಿರ್ಸಿ, ಬರುವಾಗ ಜೋಗ.

ದೇವಿಮನೆ ಘಟ್ಟದ ಬಗ್ಗೆ ಎಚ್ಚರಿಕೆಯೊಂದನ್ನು ಹೇಳಲೇಬೇಕು. ಈ ರಸ್ತೆಯ ಅಗಲೀಕರಣ ಹಲವು ವರ್ಷ ನಡೆದಿದೆ. ಆಗಾಗ ಸಂಚಾರ ನಿಲ್ಲಿಸಿದ್ದೂ ಉಂಟು, ಮಳೆಗಾಲದಲ್ಲಿ ಗುಡ್ಡ ಕುಸಿದದ್ದೂ ಉಂಟು. ಆದ್ದರಿಂದ ಹೊರಡುವ ಹಿಂದಿನ ದಿನ ನೀವು ತಂಗಲಿರುವ ಮನೆಯವರಿಗೇ ಫೋನು ಮಾಡಿ ಘಟ್ಟ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಮೊಬೈಲಿನ ನಕ್ಷೆಗಿಂತ ಅವರ ಮಾತು ಖಚಿತ. ಮುಚ್ಚಿದ್ದರೆ ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇಳಿಯಬಹುದು, ಆದರೆ ಅದು ಕಿರಿದು. ದೊಡ್ಡ ಗಾಡಿಯಿದ್ದವರು ಹೊನ್ನಾವರದ ದಾರಿ ಹಿಡಿಯುವುದೇ ಲೇಸು. ಯಾವ ಘಟ್ಟವಾದರೂ ಕತ್ತಲಾಗುವ ಮೊದಲು ಇಳಿದು ಮುಗಿಸಬೇಕು. ನಾವು ನಸುಕಿನಲ್ಲೇ ದಾವಣಗೆರೆ ಬಿಟ್ಟು, ಹಾವೇರಿಯಲ್ಲಿ ತಿಂಡಿ ಮುಗಿಸಿ, ಸಿರ್ಸಿಯಲ್ಲಿ ಮಾರಿಕಾಂಬೆಯ ದರ್ಶನ ಮತ್ತು ಊಟ ಮಾಡಿಕೊಂಡು, ಬಿಸಿಲಿರುವಾಗಲೇ ಕೆಳಗೆ ತಲುಪಿದ್ದರಿಂದ ವಯಸ್ಸಾದವರಿಗೂ ಆಯಾಸವಾಗಲಿಲ್ಲ.

ರೈಲಿನ ಆಸೆ ಬಿಡಬೇಕು. ಕುಮಟಾದಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದೆ, ದಾವಣಗೆರೆಯಲ್ಲೂ ನಿಲ್ದಾಣವಿದೆ, ಆದರೆ ನಡುವಿನ ಘಟ್ಟ ದಾಟುವ ಹಳಿಯಿಲ್ಲ. ಶಿವಮೊಗ್ಗದ ಕಡೆಯ ಹಳಿಯೂ ತಾಳಗುಪ್ಪದಲ್ಲಿ ಮುಗಿಯುತ್ತದೆ. ಬಸ್ಸಿನಲ್ಲಿ ಹೋಗುವವರು ನೇರ ಬಸ್ಸಿಗಾಗಿ ಕಾಯುವುದಕ್ಕಿಂತ ಹಾವೇರಿ ಮತ್ತು ಸಿರ್ಸಿಯಲ್ಲಿ ಬದಲಿಸುತ್ತ ಹೋದರೆ ಹೊತ್ತು ಉಳಿಯುತ್ತದೆ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶಕ್ತಿ ಯೋಜನೆ ಅನ್ವಯಿಸುವುದರಿಂದ ಹೆಣ್ಣುಮಕ್ಕಳು ಆಧಾರ್ ಕಾರ್ಡನ್ನು ಕೈಚೀಲದ ಮೇಲ್ಭಾಗದಲ್ಲೇ ಇಟ್ಟುಕೊಳ್ಳಲಿ. ಸ್ಲೀಪರ್ ಮತ್ತು ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ.

ಕಾಲದ ವಿಷಯಕ್ಕೆ ಬಂದರೆ ನವೆಂಬರಿನಿಂದ ಫೆಬ್ರವರಿವರೆಗೆ ಉತ್ತಮ. ಮಾರ್ಚ್ ಕಳೆದ ಮೇಲೆ ಸೆಖೆ ವಿಪರೀತ. ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ತಂಪಾಗುತ್ತದೆ. ಕರಾವಳಿಯಲ್ಲಿ ನೆರಳಿನಲ್ಲೂ ಬೆವರು ಇಳಿಯುತ್ತದೆ, ಒಗೆದ ಬಟ್ಟೆ ಒಂದು ದಿನಕ್ಕೆ ಒಣಗುವುದಿಲ್ಲ. ಹತ್ತಿಯ ಬಟ್ಟೆಯನ್ನು ಎಂದಿಗಿಂತ ಒಂದೆರಡು ಜೊತೆ ಹೆಚ್ಚಿಗೆ ಒಯ್ಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಯೋಚನೆಯನ್ನೇ ಮಾಡಬಾರದು. ಆ ಕಾಲದಲ್ಲಿ ಹೆದ್ದಾರಿಯೂ ನಂಬಿಕೆಗೆ ಅರ್ಹವಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತದ್ದು ಇದೇ ಹೆದ್ದಾರಿ 66ರಲ್ಲಿ. ಶಿವರಾತ್ರಿ ಮತ್ತು ವರ್ಷಾಂತ್ಯದ ರಜೆಯಲ್ಲಿ ಗೋಕರ್ಣ ತುಂಬಿ ಅಲ್ಲಿ ಜಾಗ ಸಿಗದವರು ಕುಮಟಾಕ್ಕೂ ಬರುವುದರಿಂದ ಆ ದಿನಗಳನ್ನು ಬಿಟ್ಟು ಹೋಗುವುದು ಮೇಲು.

ತಂಗಲು ಪೇಟೆಯೊಳಗೆ ಲಾಡ್ಜುಗಳಿವೆ, ಆದರೆ ಪೇಟೆಯಿಂದ ಕಡಲು ನಡೆದು ಹೋಗುವಷ್ಟು ಹತ್ತಿರವಿಲ್ಲ. ಉತ್ತರದ ಬಾಡ, ಕಾಗಾಲ ಅಥವಾ ದಕ್ಷಿಣದ ಧಾರೇಶ್ವರದ ಕಡೆ ಹೋಂಸ್ಟೇ ಸಿಕ್ಕರೆ ತೆಂಗಿನ ತೋಟ ದಾಟಿದ ಕೂಡಲೇ ಮರಳು ಸಿಗುತ್ತದೆ. ಕಾಯ್ದಿರಿಸುವ ಮೊದಲು ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಿ: ಸಮುದ್ರಕ್ಕೆ ಎಷ್ಟು ನಿಮಿಷದ ನಡಿಗೆ, ಕರೆಂಟು ಹೋದರೆ ಫ್ಯಾನು ತಿರುಗುತ್ತದೆಯೇ, ಸೊಳ್ಳೆಪರದೆ ಇದೆಯೇ, ಕುಡಿಯುವ ನೀರು ಸಿಹಿಯೇ. ಸಸ್ಯಾಹಾರಿಗಳು ಅಡುಗೆಮನೆಯ ಬಗ್ಗೆಯೂ ಮೊದಲೇ ವಿಚಾರಿಸಬೇಕು, ಏಕೆಂದರೆ ಅನೇಕ ಮನೆಗಳಲ್ಲಿ ಮೀನು ನಿತ್ಯದ ಊಟ. ಹವ್ಯಕರ ಮನೆಗಳಲ್ಲಿ ತಂಗಿದರೆ ಆ ಸಂಕೋಚವಿಲ್ಲ. ಅಪ್ಪೆಹುಳಿ, ತಂಬುಳಿ, ಕುಚಲಕ್ಕಿ ಅನ್ನ ಇವೆಲ್ಲ ರೊಟ್ಟಿ-ಬದನೆಕಾಯಿ ಎಣ್ಣೆಗಾಯಿಯ ನಾಲಿಗೆಗೆ ಹೊಸತಾದರೂ ಆ ಸೆಖೆಗೆ ಹೇಳಿ ಮಾಡಿಸಿದ ಊಟ. ಮೀನು ತಿನ್ನುವವರಿಗೆ ಬಂಗಡೆಯೂ ಶೆಟ್ಲಿಯೂ (ಸಿಗಡಿ) ಧಾರಾಳವಾಗಿ ಸಿಗುತ್ತವೆ. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ತಾಜಾ ಮೀನು ಕಡಿಮೆ.

ಕಡಲಿನ ದಿನವನ್ನು ಗಡಿಯಾರಕ್ಕಿಂತ ಉಬ್ಬರ-ಇಳಿತಕ್ಕೆ ಹೊಂದಿಸಿಕೊಳ್ಳಬೇಕು. ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ, ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ, ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಇಳಿತದ ಹೊತ್ತಿಗೆ ಬಾಡದ ತೀರದಲ್ಲಿ ನಡೆದರೆ ಒದ್ದೆ ಮರಳು ಕಾಲಿಗೆ ಗಟ್ಟಿಯಾಗಿರುತ್ತದೆ; ಅತ್ತೆಯವರು ಕೋಲು ಹಿಡಿದು ಬಹಳ ದೂರ ನಡೆದರು. ಅದೇ ಹೊತ್ತಿಗೆ ಸಣ್ಣ ಏಡಿಗಳು ಬಿಲದಿಂದ ಹೊರಬರುತ್ತವೆ. ಬೆರಳ ತುದಿಯಷ್ಟಿರುವ ಏಡಿಯೊಂದು ಎರಡೂ ಕೊಂಡಿಗಳಿಂದ ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿನ ಆಹಾರವನ್ನು ಹೀರಿ, ಉಳಿದ ಮರಳನ್ನು ಸಾಬೂದಾನಿಯಂಥ ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಬಿಲದ ಸುತ್ತ ಆ ಉಂಡೆಗಳು ಗೆರೆ ಗೆರೆಯಾಗಿ ಹರಡಿಕೊಳ್ಳುತ್ತವೆ. ನೆರಳು ಬಿದ್ದರೆ ಸಾಕು, ಏಡಿ ಮಾಯ. ಮಕ್ಕಳು ಮೊಬೈಲ್ ಮರೆತು ಅಲುಗಾಡದೆ ಕುಳಿತು ನೋಡಿದ್ದು ಇದನ್ನೇ. ಒಂದೇ ದಿನದಲ್ಲಿ ನಾಲ್ಕು ಊರು ಮುಗಿಸುವ ಪ್ರಯಾಣದಲ್ಲಿ ಇದಕ್ಕೆ ಹೊತ್ತೆಲ್ಲಿ?

ನೀರಿಗಿಳಿಯುವ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಈಜು ಬಲ್ಲ ನಮ್ಮ ಕಡೆಯ ಹುಡುಗರೇ ಇಲ್ಲಿ ಹೆಚ್ಚು ಅಪಾಯಕ್ಕೆ ಸಿಕ್ಕುತ್ತಾರೆ. ಭದ್ರಾ ನಾಲೆಯಲ್ಲೋ ಹರಿಹರದ ತುಂಗಭದ್ರೆಯಲ್ಲೋ ಕಲಿತ ಈಜು ಸಮುದ್ರಕ್ಕೆ ಸಾಲದು. ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಿನಲ್ಲಿ ಅಲೆಯಾಗಿ ದಡಕ್ಕೆ ಬಂದ ನೀರು ಎಲ್ಲೋ ಒಂದು ಕಡೆ ಕಾಲುವೆ ಮಾಡಿಕೊಂಡು ರಭಸದಿಂದ ಹಿಂದಕ್ಕೆ ಹೋಗುತ್ತದೆ. ಎರಡು ಬದಿಯಲ್ಲಿ ಅಲೆ ಬಿಳಿಯಾಗಿ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ, ಕದಡಿದಂತೆ ಕಂಡರೆ ಅಲ್ಲಿ ಇಳಿಯಬೇಡಿ. ಶಾಂತವಾಗಿ ಕಾಣುವ ಆ ಜಾಗವೇ ಸೆಳೆತದ ಜಾಗ. ಅಕಸ್ಮಾತ್ ಸಿಕ್ಕಿಕೊಂಡರೆ ದಡದ ಕಡೆಗೆ ನೇರ ಈಜಿ ದಣಿಯಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡದತ್ತ ತಿರುಗಬೇಕು. ಕುಮಟಾದ ಸುತ್ತಲಿನ ನಿರ್ಜನ ತೀರಗಳಲ್ಲಿ ಜೀವರಕ್ಷಕರು ಇರುತ್ತಾರೆಂದು ನಂಬಿ ಹೋಗಬೇಡಿ. ಮೊಣಕಾಲಿನ ಮಟ್ಟ ಸಾಕು. ಬಂಡೆಗಳ ಮೇಲೆ ಸೆಲ್ಫಿ ಬೇಡ. ಕುಡಿದು ನೀರಿನ ಹತ್ತಿರ ಹೋಗುವುದಂತೂ ಬೇಡವೇ ಬೇಡ.

ಒಂದು ದಿನವನ್ನು ಅಘನಾಶಿನಿ ನದಿಗೆ ಮೀಸಲಿಡಿ. ಸಿರ್ಸಿಯ ಕಡೆ ಹುಟ್ಟಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಕಡಲು ಸೇರುವ ನದಿಯಿದು. ಇದು ಕಡಲು ಸೇರುವ ಅಳಿವೆಗೆ 2024ರಲ್ಲಿ ರಾಮ್ಸರ್ ಮನ್ನಣೆ, ಅಂದರೆ ಮಹತ್ವದ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ಮನ್ನಣೆ, ದೊರೆತಿದೆ. ನೀರು ಇಳಿದಾಗ ಗಂಡಸರು, ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವುದನ್ನು ನೋಡಬಹುದು. ಅಂಚಿನಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಅದನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಸವುಳು ಭೂಮಿಯ ಕಷ್ಟ ಬಲ್ಲ ಭದ್ರಾ ಅಚ್ಚುಕಟ್ಟಿನ ರೈತರು ಇದನ್ನು ವಿಚಾರಿಸಿ ತಿಳಿದುಕೊಳ್ಳಬೇಕು. ಅಘನಾಶಿನಿ ಊರಿನಿಂದ ಆಚೆ ದಡದ ತದಡಿಗೆ ಬಾರ್ಜು ದಾಟಿಸುತ್ತದೆ, ಬೈಕನ್ನೂ ಹತ್ತಿಸಬಹುದು. ಚಿಲ್ಲರೆ ನೋಟು ಇಟ್ಟುಕೊಳ್ಳಿ, ಅಂಥ ಕಡೆ ನೆಟ್‌ವರ್ಕ್ ನಂಬುವಂತಿಲ್ಲ.

ಮಿರ್ಜಾನ್ ಕೋಟೆ ಹೆದ್ದಾರಿಯ ಹತ್ತಿರವೇ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡಿರುವ ಈ ಕೋಟೆ ಚಿತ್ರದುರ್ಗದವರಿಗೆ ವಿಶೇಷವಾಗಿ ಹಿಡಿಸುತ್ತದೆ. ನಮ್ಮ ಏಳು ಸುತ್ತಿನ ಕೋಟೆಗೆ ಬಂಡೆ ಮತ್ತು ಎತ್ತರವೇ ಬಲವಾದರೆ, ಇಲ್ಲಿ ಎತ್ತರವೇ ಇಲ್ಲ. ಚಿರೆಕಲ್ಲಿನ ಗೋಡೆಗೆ ಸುತ್ತಲಿನ ಕಂದಕವೇ ಕಾವಲು. ಯಾಣಕ್ಕೂ ಇಲ್ಲಿಂದ ಹೋಗಬಹುದು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ನೋಡಲೇಬೇಕಾದದ್ದು ನಿಜ, ಆದರೆ ಎರಡೇ ರಾತ್ರಿ ಉಳಿಯುವವರು ಅದನ್ನು ಮುಂದಿನ ಸಲಕ್ಕೆ ಬಿಡುವುದು ಒಳ್ಳೆಯದು.

ತೀರದಲ್ಲಿ ನಡೆದುಕೊಳ್ಳುವ ರೀತಿಯ ಬಗ್ಗೆಯೂ ಹೇಳಬೇಕು. ಮೀನುಗಾರರು ಬಲೆ ಎಳೆಯುತ್ತಿದ್ದರೆ ಹಗ್ಗ ದಾಟುವ ಮುನ್ನ ಕೇಳಿ. ಫೋಟೊ ತೆಗೆಯುವ ಮುನ್ನವೂ ಕೇಳಿ. ಮರಳಿನ ಮೇಲೆ ಕಾರು, ಜೀಪು ಓಡಿಸಬೇಡಿ. ಈ ಜಿಲ್ಲೆಯ ತೀರಗಳಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಚಕ್ರದ ಕೆಳಗೆ ಮರಳಿನಡಿಯ ಗೂಡು ಕಾಣುವುದಿಲ್ಲ. ಮಂಡಕ್ಕಿ-ಮಿರ್ಚಿಯ ಪ್ಲಾಸ್ಟಿಕ್ ಕವರು, ನೀರಿನ ಬಾಟಲಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ವಾಪಸು ತನ್ನಿ. ನಾವು ಹೋದ ದಿನ ಒಂದು ತಂಡ ಬಿಟ್ಟುಹೋದ ಕಸವನ್ನು ಪಕ್ಕದ ಮನೆಯ ಹೆಂಗಸೊಬ್ಬರು ಬುಟ್ಟಿಗೆ ಹೆಕ್ಕುತ್ತಿದ್ದರು. ಅದನ್ನು ನೋಡಿ ಬಹಳ ನೋವಾಯಿತು.

ಮರಳುವಾಗ ಬೆಳಿಗ್ಗೆಯೇ ಹೊರಟರೆ ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ ಸಿಗುವ ಕಾಸರಕೋಡಿನ ತೀರಕ್ಕೂ ಒಂದು ಗಂಟೆ ಕೊಡಬಹುದು; ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು 2020ರಲ್ಲಿ ಪಡೆದ ಈ ತೀರದಲ್ಲಿ ಸ್ನಾನದ ಕೋಣೆ, ಶೌಚಾಲಯಗಳ ಅನುಕೂಲವಿದೆ. ಬಳಿಕ ಗೇರುಸೊಪ್ಪೆ ಘಟ್ಟ ಹತ್ತಿ ಜೋಗ ನೋಡಿಕೊಂಡು, ಸಾಗರದಲ್ಲಿ ಊಟ ಮಾಡಿ ಹೊರಟರೆ ರಾತ್ರಿ ಊಟಕ್ಕೆ ದಾವಣಗೆರೆಯಲ್ಲಿರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಹೋದವರು ಕುಮಟಾದ ಅಳ್ವೆಕೋಡಿಯ ಬಳಿ ಹೆದ್ದಾರಿಯ ಪಕ್ಕ ಗೊಂಚಲು ಕಟ್ಟಿ ತೂಗುಹಾಕಿರುವ ಸಿಹಿ ಈರುಳ್ಳಿಯನ್ನು ಕೊಳ್ಳದೆ ಬರಬಾರದು. ಚಿತ್ರದುರ್ಗದ ಈರುಳ್ಳಿಯಂತೆ ಕಣ್ಣಲ್ಲಿ ನೀರು ತರಿಸುವುದಿಲ್ಲ, ಹಸಿಯಾಗಿಯೇ ತಿನ್ನಬಹುದು. ಗೊಂಚಲನ್ನು ಡಿಕ್ಕಿಯಲ್ಲಿ ಮುಚ್ಚಿಡದೆ ಗಾಳಿಯಾಡುವಂತೆ ಸೀಟಿನ ಹಿಂದೆ ಇಡಿ, ಮನೆಗೆ ಬಂದ ಮೇಲೆ ನೆರಳಿನಲ್ಲಿ ತೂಗುಹಾಕಿ. ಹಾಗೆ ಮಾಡಿದರೆ ಬಹಳ ದಿನ ಕೆಡದೆ ಉಳಿಯುತ್ತದೆ.