ಕರೆಂಟ್ ಹೋತೇನು?

"ಕರೆಂಟ್ ಹೋತೇನು?"

ಭಾನುವಾರ ಸಂಜೆ ಕಾಕಾ ಕೇಳಿದ ಮಾತಿದು. ಇವತ್ತು ಗುರುವಾರ, ಇನ್ನೂ ತಲೆಯಿಂದ ಇಳಿದಿಲ್ಲ. ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡುವಾಗ ನೆನಪಾಗಿ ಒಬ್ಬನೇ ನಕ್ಕುಬಿಟ್ಟೆ. ಎದುರಿಗೆ ನಿಂತಿದ್ದ ಅಜ್ಜಿ, ಇವನು ನನ್ನ ಬ್ಯಾಲೆನ್ಸ್ ನೋಡಿ ನಗುತ್ತಿದ್ದಾನೆ ಅಂದುಕೊಂಡು ಮುಖ ಸಿಂಡರಿಸಿದರು.

ನವನಗರದ ನಮ್ಮ ಮನೆಯ ಊಟದ ಟೇಬಲ್ಲಿನ ಅರ್ಧ ಭಾಗ ಎರಡು ತಿಂಗಳಿಂದ ನಾನೇ ಕಟ್ಟುತ್ತಿರುವ ಆಂಪ್ಲಿಫೈಯರ್‌ಗೆ ಹೋಗಿದೆ. ಸದ್ದು ದೊಡ್ಡದು ಮಾಡಲು ಎರಡು ಎಲ್‌ಎಂ3886 ಚಿಪ್, ಎಡ ಸ್ಪೀಕರಿಗೊಂದು ಬಲಕ್ಕೊಂದು. 18-0-18 ವೋಲ್ಟಿನ 5 ಆಂಪ್ ಟ್ರಾನ್ಸ್‌ಫಾರ್ಮರ್, 10,000 ಮೈಕ್ರೋಫ್ಯಾರಡ್‌ನ ಎರಡು ದಪ್ಪ ಕೆಪಾಸಿಟರ್. ಇಷ್ಟು ದುಡ್ಡಿಗೆ ರೆಡಿಮೇಡ್ ಬ್ಲೂಟೂತ್ ಡಬ್ಬಿ ಬರುತ್ತಿತ್ತು ಅಂತ ಹೆಂಡತಿ ವಾರಕ್ಕೊಮ್ಮೆ ಹೇಳುತ್ತಾಳೆ. ಲೆಕ್ಕ ಸರಿಯಾಗಿಯೇ ಇದೆ, ಅದಕ್ಕೇ ನಾನು ಉತ್ತರ ಕೊಡುವುದಿಲ್ಲ.

ಹಾಡೇನೋ ಬರುತ್ತಿತ್ತು. ಅದರ ಜೊತೆಗೆ ಗುಂಯ್ ಅನ್ನುವ ಸದ್ದೂ ಬರುತ್ತಿತ್ತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್. ಮೊಬೈಲಿನ ವೈರ್ ಕಿತ್ತರೂ ಗುಂಯ್. ಅಂದರೆ ತಪ್ಪು ಹೊರಗಿನಿಂದ ಬರುತ್ತಿಲ್ಲ, ಒಳಗೆ ನಾನೇ ಮಾಡಿದ್ದು. ಅದು ಗೊತ್ತಿದ್ದೂ ಮುಚ್ಚಳ ಬಿಚ್ಚಿರಲಿಲ್ಲ. ಒಳಗಿನ ಅವತಾರ ನೋಡಲು ನನಗೇ ನಾಚಿಕೆ. ಎದುರಿಗೆ ಹೊಳೆಯುವ ಅಲ್ಯೂಮಿನಿಯಂ ಪಟ್ಟಿ, ನೀಲಿ ಎಲ್‌ಇಡಿ, ಅದರ ಫೋಟೋ ಮಾತ್ರ ಹತ್ತು ಜನರಿಗೆ ಕಳಿಸಿದ್ದೆ. ನೀಲಿ ಎಲ್‌ಇಡಿ ಹಾಕುವವರನ್ನು ನಂಬಬಾರದು ಅಂತ ಈಗ ಅನ್ನಿಸುತ್ತದೆ, ನನ್ನನ್ನೂ ಸೇರಿಸಿ.

ಅಂಥಾ ಹೊತ್ತಿಗೆ ಬನಹಟ್ಟಿಯಿಂದ ಕಾಕಾ ಬಂದರು, ಕಿವಿ ತೋರಿಸಲು. ನಲವತ್ತು ವರ್ಷ ಪವರ್‌ಲೂಮ್ ನಡೆಸಿದವರು. ಆ ಮಗ್ಗಗಳ ನಡುವೆ ನಿಂತವರಿಗೆ ಗೊತ್ತು, ಲಾಳಿ ಈ ಕಡೆಯಿಂದ ಆ ಕಡೆಗೆ ಬಡಿದಾಗಲೆಲ್ಲ ಎದೆಗೇ ಬಡಿದ ಹಾಗೆ ಇರುತ್ತದೆ. ಅಲ್ಲಿ ಯಾರೂ ಮಾತಾಡುವುದಿಲ್ಲ, ಕೈಸನ್ನೆಯೇ ಭಾಷೆ. ಡಾಕ್ಟರು ಎರಡೂ ಕಿವಿಗೆ ಮಷಿನ್ ಹಾಕಬೇಕು ಅಂದರು. "ಕೇಳೂವಂಥಾದ್ದು ಏನ್ ಉಳದೈತಿ?" ಅಂತ ಕಾಕಾ ಎದ್ದು ಬಂದರು. ಅವರ ಮಗನ ಬಗ್ಗೆ ಇಲ್ಲಿ ಬರೆಯಬಾರದು, ಆದರೂ ಬರೆಯುತ್ತೇನೆ. ಕಿವಿ ಕೇಳದ ಅಪ್ಪನ ಕೈಗೆ ಒಂದು ಫೈಲ್ ಕೊಟ್ಟು ಒಬ್ಬರನ್ನೇ ಬಸ್ ಹತ್ತಿಸಿದ್ದಾನೆ, ಪುಣ್ಯಾತ್ಮ.

ಭಾನುವಾರ ಮಧ್ಯಾಹ್ನ ನಾನು ಸ್ಪೀಕರ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ.

"ಏನಾಗೇತಿ?"

"ಗುಂಯ್ ಅಂತೈತಿ ಕಾಕಾ," ಅಂತ ಕೂಗಿದೆ.

ಅವರಿಗೆ ಕೇಳಲಿಲ್ಲ. ನಾನು ಹೇಳಿದ್ದೂ, ಅದು ಅಂತಿದ್ದದ್ದೂ. ಎದ್ದು ಬಂದು ಸ್ಪೀಕರಿನ ಕಾಗದದ ಕೋನ್ ಮೇಲೆ ಎರಡು ಬೆರಳು ಇಟ್ಟರು, ಜ್ವರ ನೋಡುವ ಹಾಗೆ. "ನಡಗಾಕತ್ತೈತಿ" ಅಂದರು. ಆಮೇಲೆ ಡಬ್ಬಿಯ ಮೇಲೆ ಕೈ ಆಡಿಸುತ್ತಾ ಟ್ರಾನ್ಸ್‌ಫಾರ್ಮರ್ ಇದ್ದ ಮೂಲೆಗೇ ಬಂದು ನಿಲ್ಲಿಸಿದರು. "ಇಲ್ಲೂ ನಡಗಾಕತ್ತೈತಿ. ಬಿಚ್ಚು."

ಬಿಚ್ಚಿದೆ. ಕೆಂಪು, ಕಪ್ಪು, ಹಳದಿ ವೈರು ಎಲ್ಲಾ ಒಂದರ ಮೇಲೊಂದು. ಹಾಡು ಬರುವ ಸಣ್ಣ ವೈರು ಟ್ರಾನ್ಸ್‌ಫಾರ್ಮರ್ ಮೈಮೇಲೆಯೇ ಮಲಗಿತ್ತು.

"ಯಾರ್ ಮಾಡಿದ್ರು ಇದನ್ನ?"

ನಾನು ನನ್ನ ಎದೆ ಮುಟ್ಟಿ ತೋರಿಸಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೂಲು ಹಿಂಗ ಬಿಟ್ರ ಮಗ್ಗ ನಡೀತೈತೇನು?"

ಪ್ಲಗ್ ಕಿತ್ತ ತಕ್ಷಣ ಅವರು ಒಳಗೆ ಕೈ ಹಾಕಲು ಹೋದರು, ನಾನು ಹಿಡಿದೆ. ಪ್ಲಗ್ ತೆಗೆದರೂ ಕೆಪಾಸಿಟರ್ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ. ರೆಸಿಸ್ಟರ್ ಹಚ್ಚಿ ಬರಿದು ಮಾಡಿ, ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಇಬ್ಬರೂ ಕೆಲಸಕ್ಕೆ ಕೂತೆವು. ಒಂದನ್ನು ಮಾತ್ರ ನಾನು ಮೊದಲೇ ಸರಿಯಾಗಿ ಮಾಡಿದ್ದೆ, ಚಿಪ್ಪಿನ ಬೆನ್ನಿಗೂ ಅದರ ಬಿಸಿ ಹೀರುವ ಹೀಟ್‌ಸಿಂಕಿಗೂ ನಡುವೆ ಕರೆಂಟು ದಾಟದ ಮೈಕಾ ಹಾಳೆ. ಈ ಚಿಪ್ಪಿನ ಲೋಹದ ಬೆನ್ನು ಮೈನಸ್ ಸಪ್ಲೈಗೆ ಸೇರಿರುತ್ತದೆ, ಅದು ಡಬ್ಬಿಗೆ ತಾಗಿದರೆ ಕಥೆ ಮುಗಿಯಿತು. ಇದನ್ನು ಕಾಕಾಗೆ ಹೆಮ್ಮೆಯಿಂದ ತೋರಿಸಿದೆ, ಅವರು ನೋಡಲೇ ಇಲ್ಲ.

ತಪ್ಪು ಇದ್ದದ್ದು ಗ್ರೌಂಡಿನಲ್ಲಿ, ಅಂದರೆ ಕರೆಂಟು ವಾಪಸ್ ಹೋಗುವ ದಾರಿಯಲ್ಲಿ. ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಆಗುತ್ತದೆ. ಅದನ್ನು ಒಂದೇ ದಿಕ್ಕಿಗೆ ತಿರುಗಿಸುವ ಬ್ರಿಜ್ ರೆಕ್ಟಿಫೈಯರ್ ಅದರ ಎರಡೂ ಅರ್ಧಗಳನ್ನು ಬಳಸುವುದರಿಂದ ಕೆಪಾಸಿಟರ್ ಸೆಕೆಂಡಿಗೆ 100 ಸಲ ಗಟಗಟ ಕುಡಿಯುತ್ತದೆ. ಆ ಗುಟುಕು ಹೋಗುವ ವೈರಿಗೇ, ಹತ್ತಿರ ಇದೆ ಅಂತ ನಾನು ಹಾಡಿನ ಗ್ರೌಂಡನ್ನೂ ಬೆಸುಗೆ ಹಾಕಿದ್ದೆ. ಕೆಳಗಿನ ಮನೆಯವರು ನಳಕ್ಕೆ ಮೋಟರ್ ಹಚ್ಚಿದರೆ ನಮ್ಮ ನಳದಲ್ಲಿ ನೀರು ಏರಿಳಿಯುತ್ತದಲ್ಲ, ಹಾಗೆ. ಪ್ರತಿ ಗುಟುಕೂ ಹಾಡಿನ ವೇಷದಲ್ಲಿ ಒಳಗೆ ಹೋಗಿ, ಚಿಪ್ ಅದನ್ನು 20 ಪಟ್ಟು ದೊಡ್ಡದು ಮಾಡಿ ಹೊರಗೆ ಹಾಕುತ್ತಿತ್ತು. ಚಿಪ್ಪಿನದೇನೂ ತಪ್ಪಿಲ್ಲ, ಕೊಟ್ಟ ಕೆಲಸ ಮಾಡಿದೆ. ಕೆಪಾಸಿಟರ್‌ಗಳ ನಡುವಿನಿಂದ ಒಂದು ಚಿಕ್ಕ ವೈರು ಎಳೆದು ಬೇರೆ ಬೋಲ್ಟ್ ಹಾಕಿದೆ, ಹಾಡಿನ ಗ್ರೌಂಡು, ಸ್ಪೀಕರಿನ ಗ್ರೌಂಡು ಎಲ್ಲವನ್ನೂ ಒಂದೊಂದಾಗಿ ಅಲ್ಲಿಗೇ ತಂದೆ. ಇಷ್ಟೂ ನನಗೆ ಗೊತ್ತಿದ್ದದ್ದೇ. ಎರಡು ತಿಂಗಳಿಂದ ಗೊತ್ತಿತ್ತು!

ಟ್ರಾನ್ಸ್‌ಫಾರ್ಮರಿನ ವೈರುಗಳನ್ನು ಹುರಿ ಮಾಡಬೇಕು ಅಂತ ಕೈಸನ್ನೆ ಮಾಡಿದೆ. ಹೋಗುವ ಕರೆಂಟು, ಬರುವ ಕರೆಂಟು ಒಂದಕ್ಕೊಂದು ಸುತ್ತಿಕೊಂಡಿದ್ದರೆ ಅವುಗಳ ಅಯಸ್ಕಾಂತ ಪ್ರಭಾವ ಒಂದನ್ನೊಂದು ಹೊಡೆದುಹಾಕುತ್ತದೆ. ಕಾಕಾಗೆ ಇದನ್ನೆಲ್ಲ ಹೇಳುವ ಕೆಲಸವೇ ಇರಲಿಲ್ಲ. ಧೋತರ ಸರಿಸಿ ತೊಡೆಯ ಮೇಲೆ ವೈರು ಹೊಸೆದರು ನೋಡಿ, ಮೊದಲಿನಿಂದ ಕೊನೆವರೆಗೆ ಒಂದೇ ಅಳತೆಯ ಸುತ್ತು. ನಾನು ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ ತಿರುಗಿಸಿದ್ದೂ ಇಷ್ಟು ಚಂದ ಬಂದಿರಲಿಲ್ಲ. ಪ್ಲಾಸ್ಟಿಕ್ ಟೈ ಕೊಟ್ಟರೆ ವಾಪಸ್ ತಳ್ಳಿ ದಾರ ಕೇಳಿದರು, ಮೇಣದಬತ್ತಿ ಕೇಳಿದರು. ದಾರಕ್ಕೆ ಮೇಣ ತಿಕ್ಕಿ, ವೈರಿನ ಕಟ್ಟಿಗೆ ಎರಡು ಬೆರಳಿಗೊಂದು ಗಂಟು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕೇಬಲ್‌ಗಳನ್ನು ಹೀಗೇ ಮೇಣದ ದಾರದಲ್ಲಿ ಕಟ್ಟುತ್ತಿದ್ದರು. ಅವರಿಗೆ ಅದು ಗೊತ್ತಿಲ್ಲ, ಕಡಿದ ಎಳೆ ಕೂಡಿಸುವ ಕೈ ಅಷ್ಟೇ. ಟ್ರಾನ್ಸ್‌ಫಾರ್ಮರಿನ ಸಡಿಲ ಬೋಲ್ಟನ್ನೂ ಅವರೇ ಬಿಗಿ ಮಾಡಿದರು.

ಮೊದಲು 60 ವ್ಯಾಟಿನ ಹಳೇ ಬಲ್ಬನ್ನು ಸಾಲಿನಲ್ಲಿ ಹಾಕಿ ಸ್ವಿಚ್ ಒತ್ತಿದೆ. ಶಾರ್ಟ್ ಇದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ. ಇದು ಭಗ್ ಅಂತ ಹೊತ್ತಿ ಮಂಕಾಯಿತು. "ಆರ್ತು," ಅಂತ ಕಾಕಾ ಪೇಚಾಡಿದರು. ಆರಬೇಕು ಅಂತ ತಿಳಿಸಲು ಐದು ನಿಮಿಷ ಹಿಡಿಯಿತು.

ಬಲ್ಬು ತೆಗೆದು ನೇರ ಕೊಟ್ಟೆ. ನಾನು ಸ್ಪೀಕರಿಗೆ ಕಿವಿ ಅಂಟಿಸಿದೆ, ಅಡುಗೆಮನೆಯ ಕುಕ್ಕರ್ ಸದ್ದು ಕೇಳಿಸಿತು, ಸ್ಪೀಕರಿನದು ಏನೂ ಇಲ್ಲ. ಕಾಕಾ ಕೋನ್ ಮೇಲೆ ಬೆರಳು ಇಟ್ಟರು. ಟ್ರಾನ್ಸ್‌ಫಾರ್ಮರ್ ಮುಟ್ಟಿದರು. ಮತ್ತೆ ಕೋನ್. ಆಮೇಲೆ ತಲೆ ಎತ್ತಿ ಫ್ಯಾನ್ ನೋಡುತ್ತಾ, ಪಾಪ, ನಿಜವಾಗಿಯೂ ಕೇಳಿದರು.

"ಕರೆಂಟ್ ಹೋತೇನು?"

ಈ ಡಬ್ಬಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರೂ ಕೊಡಲಾರರು. ಆದರೆ ಅದನ್ನು ಕೊಟ್ಟವರಿಗೆ ನನ್ನ ನಿಶ್ಶಬ್ದವೂ ಒಂದೇ, ಕುಕ್ಕರ್ ಸೀಟಿಯೂ ಒಂದೇ. ನಾನು ಸದ್ದು ಓಡಿಸಲು ಎರಡು ತಿಂಗಳು ಒದ್ದಾಡಿದೆ. ಅವರಿಗೆ ಆ ನಿಶ್ಶಬ್ದವನ್ನು ಮಗ್ಗವೇ ಪುಕ್ಕಟೆ ಕೊಟ್ಟು ಕಳಿಸಿದೆ. ಹೀಗೆ ಯೋಚನೆ ಶುರುವಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ತಬಲಾ ಹಾಕಿದೆ. ಬೆರಳು ತೆಗೆಯದೆ ಕಣ್ಣು ಮುಚ್ಚಿದರು. "ಡಗ್ಗಾ," ಅಂದರು. ಸರಿಯಾಗಿಯೇ ಹೇಳಿದರು.

ಕಿವಿ ಮಷಿನ್ನೂ ಇಂಥದ್ದೇ ಒಂದು ಆಂಪ್ಲಿಫೈಯರು, ಗುಂಡಿಯಷ್ಟು ಸೆಲ್ಲು, ಒಂದೂವರೆ ವೋಲ್ಟೂ ಇಲ್ಲ ಅಂತ ರಾತ್ರಿ ಊಟದ ಹೊತ್ತಿಗೆ ಚೀಟಿಯಲ್ಲಿ ಬರೆದು ತೋರಿಸಿದೆ. "ಹಂಗಾರ ನೀನ ಮಾಡಿಕೊಡು, ಹಾಕ್ಕೋತೀನಿ," ಅಂತ ನಕ್ಕರು. ಹೆಂಡತಿಯೂ ನಕ್ಕಳು, ಅವಳಿಗೆ ಟೇಬಲ್ಲಿನ ಮೇಲೆ ಅಂಟಿದ ಮೇಣದ ಚಿಂತೆ ಜಾಸ್ತಿ ಇತ್ತು.

ಸೋಮವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. ಇಂಜಿನ್ ಶುರುವಾಗಿ ಬಸ್ಸು ಗಡಗಡ ಅಲುಗಾಡುತ್ತಿತ್ತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ, ಕಾಕಾಗೆ ಕೇಳಲಿಲ್ಲ, ಬಸ್ಸಿನ ತಗಡಿಗೆ ಅಂಗೈ ಹಚ್ಚಿ ನಿಂತಿದ್ದರು. ನಾನು ಭುಜ ಮುಟ್ಟಿದೆ.

"ಇದರ ಹೊಟ್ಟಿ ಒಳಗೂ ನಿನ್ನಂಥಾವ ಯಾವನೋ ಕೈ ಹಾಕ್ಯಾನ," ಅಂದು ಹತ್ತಿದರು.